ಮಂಜುಗಡ್ಡೆಯ ಕೆಳಗೆ ಎಂಬತ್ತು ನಿಮಿಷ

ಸ್ಕೀ ಹಲಗೆ ಹಿಡಿತ ತಪ್ಪಿತು. ಮರುಕ್ಷಣ ಆನ್ನಾ ಬೋಗೆನ್‌ಹೋಲ್ಮ್ ಇಳಿಜಾರಿನಲ್ಲಿ ತಲೆ ಮುಂದಾಗಿ ಜಾರಿ ಹೆಪ್ಪುಗಟ್ಟಿದ ತೊರೆಯೊಂದರ ಮೇಲೆ ಬಿದ್ದಳು. ಗಡ್ಡೆ ಬಾಯ್ತೆರೆಯಿತು. ತಲೆ ಒಳಗೆ, ಎದೆ ಒಳಗೆ. ಕರಗಿದ ಹಿಮದ ನೀರು ಬಟ್ಟೆಯೊಳಕ್ಕೆ ನುಗ್ಗಿ ಅವಳನ್ನು ಇನ್ನಷ್ಟು ಆಳಕ್ಕೆ ಸೆಳೆಯಿತು. ಹಿಂದೆ ಬರುತ್ತಿದ್ದ ಇಬ್ಬರು ಗೆಳೆಯರು ಧಾವಿಸಿ ಬಂದಾಗ ಹೊರಗೆ ಕಾಣುತ್ತಿದ್ದದ್ದು ಅವಳ ಪಾದ ಮತ್ತು ಸ್ಕೀ ಹಲಗೆಗಳು ಮಾತ್ರ. ಅವನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಎಳೆದರು. ಅವಳು ಬರಲಿಲ್ಲ. ಅವಳ ಮೇಲೆ ಇಪ್ಪತ್ತು ಸೆಂಟಿಮೀಟರ್ ದಪ್ಪದ ಮಂಜುಗಡ್ಡೆ, ಕೆಳಗೆ ಹರಿಯುವ ನೀರು.

1999ರ ಮೇ 20, ಸಂಜೆ 6:20. ಉತ್ತರ ನಾರ್ವೆಯ ನಾರ್ವಿಕ್ ಪಟ್ಟಣದ ಹೊರಗಿನ ಬೆಟ್ಟ. ಆನ್ನಾ ಸ್ವೀಡನ್ನಿನವಳು, ವಯಸ್ಸು 29, ನಾರ್ವಿಕ್‌ನ ಆಸ್ಪತ್ರೆಯಲ್ಲಿ ಮೂಳೆ ಶಸ್ತ್ರಚಿಕಿತ್ಸೆಯ ತರಬೇತಿ ಪಡೆಯುತ್ತಿದ್ದ ವೈದ್ಯೆ. ಕೆಲಸ ಮುಗಿಸಿ ಸಹೋದ್ಯೋಗಿಗಳ ಜೊತೆ ಬೆಟ್ಟಕ್ಕೆ ಬಂದಿದ್ದಳು. ಬಿದ್ದ ಏಳನೇ ನಿಮಿಷಕ್ಕೆ ಗೆಳೆಯರ ಮೊಬೈಲ್ ಕರೆ ರಕ್ಷಣಾ ಪಡೆಗೆ ಮುಟ್ಟಿತು. ಬೆಟ್ಟದ ತುದಿಯಿಂದ ಒಂದು ತಂಡ, ತಪ್ಪಲಿನಿಂದ ಇನ್ನೊಂದು ತಂಡ ಹೊರಟವು. ಅಲ್ಲಿಯವರೆಗೆ ಇಬ್ಬರು ಮನುಷ್ಯರ ನಾಲ್ಕು ಕೈಗಳಷ್ಟೇ ಅವಳನ್ನು ತೊರೆಗೆ ಬಿಟ್ಟುಕೊಡದೆ ಹಿಡಿದಿದ್ದವು.

ಗಡ್ಡೆಯ ಅಡಿಯಲ್ಲಿ ಆನ್ನಾಳಿಗೆ ಗಾಳಿಯ ಒಂದು ಪೊಳ್ಳು ಸಿಕ್ಕಿತು. ನೀರಿಗೂ ಗಡ್ಡೆಗೂ ನಡುವೆ ಮೂಗು, ಬಾಯಿ ತೂರಿಸುವಷ್ಟು ಜಾಗ. ಅಲ್ಲಿ ಉಸಿರಾಡುತ್ತ, ಒದ್ದಾಡುತ್ತ, ಅವಳು ನಲವತ್ತು ನಿಮಿಷ ಎಚ್ಚರವಾಗಿದ್ದಳು. ಆ ನಲವತ್ತು ನಿಮಿಷ ಅವಳ ದೇಹದಲ್ಲಿ ನಡೆದದ್ದು ಹೊರಗಿನ ಹೋರಾಟಕ್ಕಿಂತಲೂ ದೊಡ್ಡ ಹೋರಾಟ ಎಂದು ನಾನು ನಂಬಿದ್ದೇನೆ.

ಜೀವಕೋಶ, ಅಂಗಾಂಶ, ಅಂಗ, ಅಂಗವ್ಯೂಹ. ಈ ನಾಲ್ಕನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರು. ಒಂದೇ ಕೆಲಸಕ್ಕೆ ನಿಂತ ಕೋಶಗಳು ಸೇರಿ ಅಂಗಾಂಶ, ಅಂಗಾಂಶಗಳು ಸೇರಿ ಅಂಗ, ಅಂಗಗಳು ಸೇರಿ ವ್ಯೂಹ, ವ್ಯೂಹಗಳೆಲ್ಲ ಸೇರಿ ಒಂದು ಜೀವ. ಪುಸ್ತಕ ಕೆಳಗಿನಿಂದ ಮೇಲಕ್ಕೆ ಕಟ್ಟುತ್ತ ಹೋಗುತ್ತದೆ. ಸಾವು ಬರುವ ದಾರಿ ಇದರ ತಿರುವುಮುರುವು. ಅದು ಮೇಲಿನಿಂದ ಕೆಳಕ್ಕೆ ಒಂದೊಂದೇ ಹಂತವನ್ನು ಕಳಚುತ್ತ ಇಳಿಯುತ್ತದೆ, ಮತ್ತು ಹಾಗೆ ಇಳಿಯಲು ಅದಕ್ಕೆ ಸಮಯ ಬೇಕು. ಆ ಸಂಜೆ ತೊರೆಯ ಬಳಿ ನಡೆದ ಓಟವೆಲ್ಲ ಆ ಸಮಯಕ್ಕಾಗಿ.

ನೀರು ತಾಗಿದ ಕೂಡಲೇ ಚರ್ಮದ ನರತುದಿಗಳು ಮಿದುಳಿಗೆ ಸುದ್ದಿ ಮುಟ್ಟಿಸಿದವು. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ಮೈಯ ಶಾಖವನ್ನು ಕದಿಯುತ್ತದೆ. ಮಿದುಳಿನ ತಳದಲ್ಲಿರುವ ಹೈಪೊಥಾಲಮಸ್ ದೇಹದ ಉಷ್ಣತೆಯನ್ನು ಕಾಯುವ ಕೇಂದ್ರ. ಅದು ಎಲ್ಲ ವ್ಯೂಹಗಳಿಗೂ ಒಟ್ಟಿಗೇ ಆಜ್ಞೆ ಹೊರಡಿಸಿತು. ಚರ್ಮದ ರಕ್ತನಾಳಗಳು ಬಿಗಿದುಕೊಂಡವು, ಕೈಕಾಲುಗಳ ರಕ್ತ ಒಳಕ್ಕೆ, ಹೃದಯ ಮಿದುಳುಗಳ ಕಡೆಗೆ ತಿರುಗಿತು. ಹಾರ್ಮೋನುಗಳು ಹರಿದವು. ಅಸ್ಥಿಸ್ನಾಯುಗಳು ನಡುಗತೊಡಗಿದವು. ನಡುಕ ಎಂದರೆ ಸ್ನಾಯುಕೋಶಗಳು ಯಾವ ಚಲನೆಯ ಉದ್ದೇಶವೂ ಇಲ್ಲದೆ, ಬರೀ ಶಾಖಕ್ಕಾಗಿ ಇಂಧನ ಸುಡುವುದು. ಒಂದೊಂದು ಸ್ನಾಯುಕೋಶದೊಳಗೂ ಇರುವ ಮೈಟೊಕಾಂಡ್ರಿಯಾಗಳು ಸಕ್ಕರೆ, ಕೊಬ್ಬುಗಳನ್ನು ಆಮ್ಲಜನಕದಲ್ಲಿ ಉರಿಸಿ ಎಟಿಪಿ ಎಂಬ ಶಕ್ತಿಯ ಅಣುಗಳನ್ನು ಮಾಡುತ್ತಿದ್ದವು. ಚರ್ಮದ ಕೋಶಕ್ಕೆ ಸ್ನಾಯು ಕಾಣುವುದಿಲ್ಲ, ಸ್ನಾಯುವಿಗೆ ಮಿದುಳು ಕಾಣುವುದಿಲ್ಲ. ಆದರೂ ಸುಮಾರು ಮೂವತ್ತು ಲಕ್ಷ ಕೋಟಿ ಕೋಶಗಳು ಒಬ್ಬ ಹೆಣ್ಣುಮಗಳ ಪರವಾಗಿ ಒಂದೇ ಮನಸ್ಸಿನಿಂದ ಹೋರಾಡುತ್ತಿದ್ದವು.

ಮೈಯ ಒಳಗಿನ ಉಷ್ಣತೆ 37ರಿಂದ 35ಕ್ಕೆ ಇಳಿಯಿತೆಂದರೆ ಮಾತು ತೊದಲುತ್ತದೆ. 32ರ ಆಸುಪಾಸಿನಲ್ಲಿ ನಡುಕ ಸೋಲುತ್ತದೆ, ಶಾಖ ಹುಟ್ಟಿಸುವ ಕೊನೆಯ ದಾರಿಯೂ ಮುಚ್ಚುತ್ತದೆ. 30ಕ್ಕಿಂತ ಕೆಳಗೆ ಪ್ರಜ್ಞೆ ಜಾರುತ್ತದೆ, 28ರ ಹೊತ್ತಿಗೆ ಹೃದಯದ ತಾಳ ತಪ್ಪುವ ಅಪಾಯ ಬಾಗಿಲಿಗೆ ಬಂದಿರುತ್ತದೆ. ಮೊದಲು ಒಡೆಯುವುದು ವ್ಯೂಹಗಳ ನಡುವಿನ ಒಪ್ಪಂದ. ಆಮೇಲೆ ಒಂದೊಂದು ಅಂಗ.

ಏಳು ಗಂಟೆಯ ಸುಮಾರಿಗೆ ಗೆಳೆಯರ ಕೈಯೊಳಗಿದ್ದ ಕಾಲುಗಳ ಒದ್ದಾಟ ನಿಂತಿತು.

ಅವಳ ಹೃದಯ ನಿಂತಿತ್ತು. ಆ ಅಂಗವನ್ನೇ ಒಂದು ಕ್ಷಣ ನೋಡಬೇಕು. ಬರೀ ಸ್ನಾಯುವಿನ ಮುದ್ದೆಯಲ್ಲ ಅದು. ಕವಾಟಗಳಿಗೂ ಅವುಗಳ ಚೌಕಟ್ಟಿಗೂ ಸಂಯೋಜಕ ಅಂಗಾಂಶ, ಕೋಣೆಗಳ ಒಳಮೈಗೆ ಒಂದೇ ಕೋಶದಷ್ಟು ತೆಳುವಾದ ಅನುಲೇಪಕ ಅಂಗಾಂಶ, ವೇಗ ಹೆಚ್ಚಿಸಲು ತಗ್ಗಿಸಲು ನರ ಅಂಗಾಂಶ, ಹಿಂಡಲು ಸ್ನಾಯು ಅಂಗಾಂಶ. ನಮ್ಮ ಮೈಯ ನಾಲ್ಕು ಬಗೆಯ ಅಂಗಾಂಶಗಳೂ ಒಂದು ಮುಷ್ಟಿಯಷ್ಟು ಜಾಗದಲ್ಲಿ ಹೆಣೆದುಕೊಂಡಿವೆ. ಬಲ ಹೃತ್ಕರ್ಣದ ಗೋಡೆಯಲ್ಲಿರುವ ಕೋಶಗಳ ಒಂದು ಪುಟ್ಟ ಗುಂಪು ತಾನೇ ತಾನಾಗಿ ವಿದ್ಯುತ್ ಮಿಡಿತ ಹುಟ್ಟಿಸುತ್ತದೆ. ಅದಕ್ಕೆ ಮಿದುಳಿನ ಅಪ್ಪಣೆ ಬೇಕಿಲ್ಲ. ಆ ಮಿಡಿತ ಕೋಶದಿಂದ ಕೋಶಕ್ಕೆ ಹರಿದು ಇಡೀ ಹೃದಯ ಒಂದಾಗಿ ಹಿಂಡುತ್ತದೆ. ಚಳಿ ಈ ಹರಿವನ್ನು ಕಡಿದುಹಾಕಿತು. ಅಂಗ ನಿಂತಿತು. ಅದರ ಕೋಶಗಳು?

ಸಾಮಾನ್ಯ ಉಷ್ಣತೆಯಲ್ಲಿ ಹೃದಯ ನಿಂತರೆ ಮಿದುಳಿಗೆ ಸಿಗುವುದು ನಾಲ್ಕೈದು ನಿಮಿಷ. ಮಿದುಳು ಮೈತೂಕದ ನೂರಕ್ಕೆ ಎರಡು ಭಾಗವಷ್ಟೇ ಇದ್ದರೂ ಆಮ್ಲಜನಕದ ಐದನೇ ಒಂದು ಪಾಲನ್ನು ತಾನೇ ಬಳಸುತ್ತದೆ. ನರಕೋಶದ ಪೊರೆಯಲ್ಲಿ ಸೋಡಿಯಂ ಹೊರಹಾಕಿ ಪೊಟ್ಯಾಸಿಯಂ ಒಳಗೆಳೆಯುವ ಪಂಪುಗಳಿವೆ, ಅದರ ಶಕ್ತಿಯ ದೊಡ್ಡ ಪಾಲು ಅವುಗಳಿಗೇ ಖರ್ಚು. ಆಮ್ಲಜನಕ ನಿಂತರೆ ಎಟಿಪಿ ಇಲ್ಲ, ಎಟಿಪಿ ಇಲ್ಲದಿದ್ದರೆ ಪಂಪು ನಿಲ್ಲುತ್ತದೆ, ಸೋಡಿಯಂ ನುಗ್ಗುತ್ತದೆ, ಬೆನ್ನಿಗೇ ನೀರು ನುಗ್ಗುತ್ತದೆ, ಕೋಶ ಊದಿ ಒಡೆಯುತ್ತದೆ. ಕೋಶ ಒಡೆದ ಮೇಲೆ ಯಾವ ವೈದ್ಯನೂ ಏನೂ ಮಾಡಲಾರ.

ಆನ್ನಾಳ ವಿಷಯದಲ್ಲಿ ಕ್ರಮ ಬೇರೆಯಾಗಿತ್ತು. ಗಾಳಿಯ ಆ ಪೊಳ್ಳು ಕೊಟ್ಟ ನಲವತ್ತು ನಿಮಿಷ ಅವಳು ಉಸಿರಾಡುತ್ತಲೇ ತಣ್ಣಗಾದಳು. ಹೃದಯ ನಿಲ್ಲುವ ಹೊತ್ತಿಗೆ ಮಿದುಳು ಆಗಲೇ ತಂಪಾಗಿತ್ತು. ಉಷ್ಣತೆ ಒಂದೊಂದು ಡಿಗ್ರಿ ಇಳಿದ ಹಾಗೆಲ್ಲ ಕೋಶಗಳ ಆಮ್ಲಜನಕದ ಬೇಡಿಕೆ ನೂರಕ್ಕೆ ಆರೇಳರಷ್ಟು ತಗ್ಗುತ್ತದೆ. 28ರಲ್ಲಿ ಅದು ಹೆಚ್ಚುಕಡಿಮೆ ಅರ್ಧ, 20ಕ್ಕಿಂತ ಕೆಳಗೆ ತೀರಾ ಸ್ವಲ್ಪ. ಹೃದಯದಿಂದ ಹೊರಡುವ ಮಹಾಪಧಮನಿಯ ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ ವೈದ್ಯರು ಬೇಕೆಂದೇ ರೋಗಿಯ ಮೈಯನ್ನು 18, 20 ಡಿಗ್ರಿಗೆ ಇಳಿಸಿ ರಕ್ತಸಂಚಾರವನ್ನೇ ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ಅದನ್ನು ಅವರು ಮಾಡುವುದು ಸಜ್ಜಾದ ಕೋಣೆಯಲ್ಲಿ, ಗಡಿಯಾರ ನೋಡುತ್ತ. ಇಲ್ಲಿ ಅದನ್ನು ಮಾಡಿದ್ದು ಒಂದು ಬೆಟ್ಟದ ತೊರೆ. ಕೊಂದದ್ದೂ ಅದೇ ಚಳಿ, ಕಾದದ್ದೂ ಅದೇ ಚಳಿ. ವ್ಯೂಹಗಳು ಕುಸಿದಿದ್ದವು, ಅಂಗಗಳು ಸ್ತಬ್ಧವಾಗಿದ್ದವು, ಆದರೆ ಕೆಳಗಿನ ಹಂತದಲ್ಲಿ ಒಂದೊಂದು ಕೋಶವೂ ಬೂದಿ ಮುಚ್ಚಿದ ಕೆಂಡದ ಹಾಗೆ ಉಳಿದಿತ್ತು.

ಮೊದಲ ತಂಡ ಬಂದು ಹಗ್ಗ ಕಟ್ಟಿ ಎಳೆಯಿತು. ಆಗಲಿಲ್ಲ. ಹಿಮ ತೋಡುವ ಸಲಿಕೆಯಿಂದ ಗಡ್ಡೆ ಒಡೆಯಲು ನೋಡಿದರು. ಸಲಿಕೆ ಸೋತಿತು. ಎರಡನೇ ತಂಡದವರ ಕೈಯಲ್ಲಿ ತೋಟದ ಕೆಲಸದ ಚೂಪು ತುದಿಯ ಸಲಿಕೆಯಿತ್ತು. ಗಡ್ಡೆಗೆ ತೂತು ಬಿತ್ತು. ತೂತು ದೊಡ್ಡದಾಯಿತು. 7:40ಕ್ಕೆ ಅವಳನ್ನು ಹೊರಗೆಳೆದರು. ನೀರಿಗೆ ಬಿದ್ದು ಎಂಬತ್ತು ನಿಮಿಷವಾಗಿತ್ತು. ಉಸಿರಿಲ್ಲ. ನಾಡಿ ಇಲ್ಲ.

ಗೆಳೆಯರಿಬ್ಬರೂ ವೈದ್ಯರು. ಗಡಿಯಾರ ನೋಡಿ ಕೈಚೆಲ್ಲಬಹುದಿತ್ತು. ಅವರು ಅಲ್ಲೇ ಹಿಮದ ಮೇಲೆ ಅವಳನ್ನು ಮಲಗಿಸಿ ಎದೆ ಒತ್ತತೊಡಗಿದರು. ಎದೆ ಒತ್ತುವುದೆಂದರೆ ಪಕ್ಕೆಲುಬಿನ ಹೊರಗಿನಿಂದ ಇನ್ನೊಬ್ಬರ ಹೃದಯದ ಕೆಲಸ ಮಾಡುವುದು. ಎಷ್ಟು ಚೆನ್ನಾಗಿ ಒತ್ತಿದರೂ ಸಹಜ ಹರಿವಿನ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ ರಕ್ತವಷ್ಟೇ ಹರಿದೀತು. ಬೆಚ್ಚಗಿನ ಮೈಗೆ ಅದು ಸಾಲದು. ತಣ್ಣಗಿನ ಕೋಶಗಳ ಸಣ್ಣ ಬೇಡಿಕೆಗೆ ಅಷ್ಟು ಸಾಕಾಗಬಹುದು. ಎಂಟು ಗಂಟೆಯ ಹೊತ್ತಿಗೆ ಹೆಲಿಕಾಪ್ಟರ್ ಬಂತು. ಟ್ರೊಮ್ಸೊ ನಗರದ ವಿಶ್ವವಿದ್ಯಾಲಯ ಆಸ್ಪತ್ರೆಗೆ ಸುಮಾರು ಒಂದು ಗಂಟೆಯ ಹಾದಿ. ಅಷ್ಟು ಹೊತ್ತೂ ಕೈಗಳು ಒತ್ತುತ್ತಲೇ ಇದ್ದವು, ಆಮ್ಲಜನಕ ಶ್ವಾಸಕೋಶಕ್ಕೆ ಹೋಗುತ್ತಲೇ ಇತ್ತು. ವಿದ್ಯುತ್ ಆಘಾತ ಕೊಟ್ಟು ನೋಡಿದರು. ಹೃದಯ ಓಗೊಡಲಿಲ್ಲ.

9:10. ಆಸ್ಪತ್ರೆ. ಕಣ್ಣಪಾಪೆಗಳು ಪೂರ್ತಿ ಹಿಗ್ಗಿದ್ದವು. ಇಸಿಜಿ ಪರದೆಯ ಮೇಲೆ ನೇರ ಗೆರೆ. ಅವಳ ಮೈಯಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 13.7 ಡಿಗ್ರಿ. ಆಕಸ್ಮಿಕವಾಗಿ ಅಷ್ಟು ತಣ್ಣಗಾಗಿ ಬದುಕಿದ ದೊಡ್ಡವರ ದಾಖಲೆ ಆವರೆಗೆ ಇರಲಿಲ್ಲ. ತುರ್ತು ವಿಭಾಗದ ಮುಖ್ಯಸ್ಥ ಮಾಡ್ಸ್ ಗಿಲ್ಬರ್ಟ್ ಎದುರಿಗೆ ಎಲ್ಲ ಬಗೆಯಲ್ಲೂ ಸತ್ತಂತಿದ್ದ ಒಂದು ದೇಹ. ಚಳಿನಾಡುಗಳ ವೈದ್ಯರಲ್ಲಿ ಒಂದು ಮಾತಿದೆ: ಮೈ ಬೆಚ್ಚಗಾದ ಮೇಲೂ ಸತ್ತಿದ್ದರೆ ಮಾತ್ರ ಸತ್ತಂತೆ. ಗಿಲ್ಬರ್ಟ್ ಅದನ್ನೇ ಪಾಲಿಸಿದರು. ಬೆಚ್ಚಗಾಗುವವರೆಗೆ ಬಿಡುವುದಿಲ್ಲ.

ಇಂಥ ಹೊತ್ತಿನಲ್ಲಿ ವೈದ್ಯರು ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆ ಎಂದು ನೋಡುತ್ತಾರೆ. ಪೊಟ್ಯಾಸಿಯಂ ಕೋಶದ ಒಳಗಿರಬೇಕಾದದ್ದು. ರಕ್ತದಲ್ಲಿ ಅದು ವಿಪರೀತ ಏರಿದ್ದರೆ ಪೊರೆಗಳು ಒಡೆದಿವೆ, ಸಾವು ಕೊನೆಯ ಹಂತಕ್ಕೂ ಇಳಿದಿದೆ ಎಂದರ್ಥ. ಏರಿಲ್ಲದಿದ್ದರೆ ಒಳಗೆ ಇನ್ನೂ ಯಾರೋ ಇದ್ದಾರೆ. ಹೊರಗಿನಿಂದ ಅವಳಿಗೂ ಹೆಣಕ್ಕೂ ವ್ಯತ್ಯಾಸ ಹೇಳಲು ಯಾರಿಂದಲೂ ಆಗದಿದ್ದ ಆ ರಾತ್ರಿ, ವ್ಯತ್ಯಾಸವಿದ್ದದ್ದು ಸೂಕ್ಷ್ಮದರ್ಶಕದ ಅಡಿಯಲ್ಲೂ ಕಷ್ಟಪಟ್ಟು ಕಾಣುವ ಪೊರೆಗಳಲ್ಲಿ.

9:40ಕ್ಕೆ ಅವಳ ರಕ್ತನಾಳಗಳನ್ನು ಹೃದಯ-ಶ್ವಾಸಕೋಶ ಯಂತ್ರಕ್ಕೆ ಜೋಡಿಸಿದರು. ಅಮೆರಿಕದ ಶಸ್ತ್ರವೈದ್ಯ ಜಾನ್ ಗಿಬ್ಬನ್ 1953ರಲ್ಲಿ ಮೊದಲ ಬಾರಿಗೆ ಮನುಷ್ಯರ ಮೇಲೆ ಯಶಸ್ವಿಯಾಗಿ ಬಳಸಿದ ಯಂತ್ರದ ವಂಶದ್ದು ಅದು. ಅಭಿಧಮನಿಯ ರಕ್ತವನ್ನು ಹೊರಗೆ ಎಳೆದು, ಇಂಗಾಲದ ಡೈಆಕ್ಸೈಡ್ ತೆಗೆದು, ಆಮ್ಲಜನಕ ತುಂಬಿ, ಬೆಚ್ಚಗೆ ಮಾಡಿ ಮತ್ತೆ ಮೈಗೆ ಹಾಯಿಸುತ್ತದೆ. ಎರಡು ಅಂಗಗಳ ಕೆಲಸವನ್ನು ಲೋಹ, ಪ್ಲಾಸ್ಟಿಕ್ಕುಗಳು ಹೊತ್ತುಕೊಂಡವು. ಏಳೆಂಟು ಮೈಕ್ರಾನು ಅಗಲದ, ಕೋಶಕೇಂದ್ರವನ್ನೂ ಬಿಟ್ಟುಕೊಟ್ಟು ಹಿಮೋಗ್ಲೋಬಿನ್‌ಗೆ ಜಾಗ ಮಾಡಿಕೊಂಡ ಕೆಂಪು ರಕ್ತಕಣಗಳು ಮತ್ತೆ ಲೋಮನಾಳಗಳಲ್ಲಿ ನುಸುಳಿದವು. ಕೋಶಕ್ಕೆ ಆಮ್ಲಜನಕ ಬಂತು. ಎಟಿಪಿ ಬಂತು. ಪಂಪುಗಳು ತಿರುಗಿದವು.

ರಾತ್ರಿ 10:15. ಪರದೆಯ ಮೇಲಿನ ನೇರ ಗೆರೆ ಎದ್ದಿತು. ಒಂದು ಬಡಿತ.

ಮೂರು ಗಂಟೆಗೂ ಹೆಚ್ಚು ಕಾಲ ನಿಂತಿದ್ದ ಹೃದಯ ಅದು. ಕೋಶಗಳು ಉಳಿದಿದ್ದರಿಂದ ಅಂಗಾಂಶ ಉಳಿದಿತ್ತು, ಅಂಗಾಂಶದ ಹೆಣಿಗೆ ಉಳಿದಿದ್ದರಿಂದ ಅಂಗ ಎದ್ದು ಕೂತಿತು. ಮಧ್ಯರಾತ್ರಿ ದಾಟಿ 12:49ಕ್ಕೆ ಉಷ್ಣತೆ 36.4.

ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಬಿದ್ದ ಅಂಗಗಳನ್ನು ಎಬ್ಬಿಸುವುದು ಒಂದು, ಅವನ್ನು ಮತ್ತೆ ಒಂದು ದೇಹವಾಗಿ ಹೊಂದಿಸುವುದು ಇನ್ನೊಂದು. ನಮ್ಮ ರಕ್ತನಾಳಗಳ ಒಳಮೈಗೆಲ್ಲ ಒಂದೇ ಕೋಶದ ದಪ್ಪದ ಹಾಸು ಇದೆ. ಪಕ್ಕಪಕ್ಕದ ಕೋಶಗಳು ಬಿಗಿಯಾಗಿ ಅಂಟಿಕೊಂಡಿರುವುದರಿಂದಲೇ ರಕ್ತದ ನೀರು ನಾಳದೊಳಗೆ ನಿಲ್ಲುತ್ತದೆ. ಚಳಿಯಲ್ಲಿ ಹಸಿದು ಬೆಚ್ಚಗೆ ಮರಳುವಾಗ ಆ ಅಂಟು ಸಡಿಲುತ್ತದೆ, ನಾಳಗಳು ಸೋರುತ್ತವೆ, ಮೈ ಊದಿಕೊಳ್ಳುತ್ತದೆ. ತಣ್ಣಗಿನ ರಕ್ತದಲ್ಲಿ ಹೆಪ್ಪುಗಟ್ಟಿಸುವ ಪ್ರೋಟೀನುಗಳೂ ಕೆಲಸ ಮರೆತಿರುತ್ತವೆ, ಆದ್ದರಿಂದ ರಕ್ತಸ್ರಾವದ ಭಯ. ಎಲ್ಲಕ್ಕಿಂತ ಮೊದಲು ಪೆಟ್ಟು ತಿನ್ನುವುದು ಶ್ವಾಸಕೋಶ. ಅಲ್ಲಿರುವ ಕೋಟಿಗಟ್ಟಲೆ ಗಾಳಿಗೂಡುಗಳಲ್ಲಿ ಗಾಳಿಗೂ ರಕ್ತಕ್ಕೂ ನಡುವೆ ಇರುವುದು ಎರಡು ಕೋಶಗಳ ತೆಳು ಗೋಡೆ ಮಾತ್ರ. ಅಷ್ಟು ತೆಳುವಾಗಿದ್ದರೆ ಮಾತ್ರ ಆಮ್ಲಜನಕ ದಾಟೀತು, ಅಷ್ಟು ತೆಳುವಾಗಿರುವುದರಿಂದಲೇ ಅದು ಬೇಗ ಸೋರೀತು. ಅಂಗ ಯಾವ ಗುಣದಿಂದ ಬದುಕಿಸುತ್ತದೋ ಅದೇ ಗುಣದಿಂದ ಸೋಲುತ್ತದೆ ಎಂಬುದು ನನ್ನನ್ನು ಬಹಳ ಕಾಡಿದೆ.

ಬೆಳಗಿನ ಜಾವ 2:20ಕ್ಕೆ ಅವಳ ಶ್ವಾಸಕೋಶಗಳು ಕೈಕೊಟ್ಟವು. ರಕ್ತಕ್ಕೆ ಮತ್ತೆ ಕೆಲವು ದಿನ ದೇಹದ ಹೊರಗೇ ಆಮ್ಲಜನಕ ತುಂಬಬೇಕಾಯಿತು. ಕೃತಕ ಉಸಿರಾಟದ ಯಂತ್ರ 35 ದಿನ ಬೇಕಾಯಿತು. ಮೊದಲ ಒಂಬತ್ತು ಗಂಟೆಗಳಲ್ಲೇ ನೂರಕ್ಕೂ ಹೆಚ್ಚು ವೈದ್ಯರು, ದಾದಿಯರು ಸರದಿಯಲ್ಲಿ ಅವಳ ಹಾಸಿಗೆಯ ಸುತ್ತ ದುಡಿದಿದ್ದರು. ಮೂತ್ರಪಿಂಡಗಳು ತಡವರಿಸಿದವು, ಜೀರ್ಣಾಂಗಗಳು ತಡವರಿಸಿದವು. ಒಳ್ಳೆಯದೆಂದರೆ ಈ ಎರಡೂ ಕಡೆ ಕೋಶಗಳು ವಿಭಜಿಸಿ ಹೊಸದಾಗಬಲ್ಲವು. ಕರುಳಿನ ಒಳಪದರ ಸಹಜ ಸ್ಥಿತಿಯಲ್ಲೂ ನಾಲ್ಕೈದು ದಿನಕ್ಕೊಮ್ಮೆ ಹೊಸ ಕೋಶಗಳಿಂದ ತುಂಬಿಕೊಳ್ಳುತ್ತದೆ. ಮೂತ್ರಪಿಂಡದ ನಾಳಿಕೆಗಳ ಕೋಶ ಸತ್ತರೂ ಪಕ್ಕದ್ದು ಬೆಳೆದು ಜಾಗ ತುಂಬುತ್ತದೆ. ಕೋಶದಿಂದಲೇ ಕೋಶ ಹುಟ್ಟುತ್ತದೆ ಎಂದು ಜರ್ಮನಿಯ ರುಡಾಲ್ಫ್ ವಿರ್ಕೋ 1850ರ ದಶಕದಲ್ಲಿ ಸಾರಿದ್ದು ಇದನ್ನೇ.

ಮೇ 30ರಂದು ಆನ್ನಾ ಕಣ್ಣು ತೆರೆದಳು. ಮಿದುಳು ಉಳಿದಿತ್ತು. ನೆನಪು, ಬುದ್ಧಿ, ಅವಳು ಅವಳಾಗಿಯೇ ಇದ್ದಳು. ಆದರೆ ಕುತ್ತಿಗೆಯಿಂದ ಕೆಳಗೆ ಮೈ ಅಲುಗಲಿಲ್ಲ. ಉಳಿದ ಜೀವನವೆಲ್ಲ ಹೀಗೇ ಮಲಗಿರಬೇಕೇನೋ ಎಂಬ ಭಯದಲ್ಲಿ, ತನ್ನನ್ನೇಕೆ ಉಳಿಸಿದಿರಿ ಎಂದು ಗೆಳೆಯರ ಮೇಲೆ ಸಿಟ್ಟಾದಳು. ಆ ಸಿಟ್ಟು ಯಾರಿಗೆ ಅರ್ಥವಾಗದು? ಮುಂದೆ ಅವಳೇ ಅವರ ಕ್ಷಮೆ ಕೇಳಿದಳು.

ತೊಂದರೆ ಇದ್ದದ್ದು ನರತಂತುಗಳಲ್ಲಿ. ಕಾಲ್ಬೆರಳನ್ನು ಅಲುಗಿಸುವ ನರಕೋಶದ ಒಡಲು ಬೆನ್ನುಹುರಿಯಲ್ಲಿರುತ್ತದೆ, ಅದರ ತಂತು ಪಾದದವರೆಗೆ ಚಾಚಿರುತ್ತದೆ. ಒಂದೇ ಕೋಶ, ಹತ್ತಿರ ಹತ್ತಿರ ಒಂದು ಮೀಟರ್ ಉದ್ದ. ಒಡಲು ಬದುಕಿದ್ದರೆ ಹಾಳಾದ ತಂತು ಮತ್ತೆ ಬೆಳೆಯಬಲ್ಲದು, ಆದರೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಮಾತ್ರ. ಅದಕ್ಕೆ ದಾರಿ ತೋರಿಸುವುದು ತಂತುವನ್ನು ಸುತ್ತಿಕೊಂಡಿರುವ ಶ್ವಾನ್ ಕೋಶಗಳು. ಪ್ರಾಣಿಗಳ ದೇಹವೆಲ್ಲ ಕೋಶಗಳಿಂದಾಗಿದೆ ಎಂದು 1839ರಲ್ಲಿ ತೋರಿಸಿಕೊಟ್ಟ ಥಿಯೋಡರ್ ಶ್ವಾನ್ ಹೆಸರೇ ಅವಕ್ಕೆ. ಗಡ್ಡೆ ಒಡೆಯಲು, ಹೆಲಿಕಾಪ್ಟರ್ ಹಾರಲು, ಹೃದಯ ಮಿಡಿಯಲು ನಿಮಿಷಗಳ ಲೆಕ್ಕವಿತ್ತು. ಇಲ್ಲಿ ಯಾರೂ ಅವಸರ ಮಾಡುವಂತಿರಲಿಲ್ಲ. ತಂತುಗಳು ತಮ್ಮ ನಡಿಗೆಯಲ್ಲೇ ಕತ್ತಲಲ್ಲಿ ಬೆಳೆದವು. ತೋಳು ಅಲುಗಿತು. ಕಾಲು ಅಲುಗಿತು. ಎದ್ದು ಕೂತಳು. ನಿಂತಳು.

1999ರ ಅಕ್ಟೋಬರ್‌ನಲ್ಲಿ, ಬಿದ್ದು ಐದು ತಿಂಗಳಿಗೆ, ಅವಳು ಕೆಲಸಕ್ಕೆ ಮರಳಿದಳು. 2000ದ ಜನವರಿಯಲ್ಲಿ 'ದಿ ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆ ಈ ಪ್ರಕರಣವನ್ನು ಪ್ರಕಟಿಸಿತು. ಕೈಕಾಲುಗಳ ನರಗಳಲ್ಲಿ ಸಣ್ಣ ತೊಂದರೆಗಳು ಉಳಿದುಕೊಂಡವು. ಮುಂದೆ ಅವಳು ವಿಕಿರಣಶಾಸ್ತ್ರಜ್ಞೆಯಾಗಿ ಟ್ರೊಮ್ಸೊದ ಅದೇ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು.

ಅವಳಿಗಿಂತ ಮೊದಲು, ಚಳಿಯಲ್ಲಿ ಹೃದಯ ನಿಂತು ಆ ಆಸ್ಪತ್ರೆಗೆ ಬಂದವರಲ್ಲಿ ಒಬ್ಬರೂ ಬದುಕಿರಲಿಲ್ಲ. ಅವಳ ನಂತರ ಅಲ್ಲಿನ ವೈದ್ಯರು ಅಂಥ ಯಾವ ದೇಹವನ್ನೂ ನೋಡಿದೊಡನೆ ಕೈಬಿಡಲಿಲ್ಲ. ಬೆಟ್ಟದಲ್ಲೇ ಎದೆ ಒತ್ತುವುದು, ನಿಲ್ಲಿಸದೆ ಒತ್ತುತ್ತಲೇ ತರುವುದು, ನೇರವಾಗಿ ಯಂತ್ರಕ್ಕೆ ಜೋಡಿಸುವುದು. 1999ರಿಂದ 2013ರವರೆಗೆ ಹಾಗೆ ಬಂದವರಲ್ಲಿ ಆನ್ನಾಳೂ ಸೇರಿ ಒಂಬತ್ತು ಮಂದಿ ಉಳಿದರು.